ಬರಹವಿಲ್ಲದ ತಟ್ಟೆ

ಮೂರು ಬೆರಳಿಗೆ ವಿಭೂತಿ ಮೆತ್ತಿಕೊಂಡ ಉಜ್ಜಿನಪ್ಪ ಕೈಯನ್ನು ಹಣೆಯವರೆಗೆ ಒಯ್ಯದೆ ನಡುವೆಯೇ ನಿಲ್ಲಿಸಿದ. ನೀರಿನಲ್ಲಿ ನೆನೆದ ಬೂದಿ ಬೆರಳ ಮೇಲೆ ಒಣಗುತ್ತ ಬಂತು. ಮೊದಲು ಅಂಚಿನಲ್ಲಿ ಬೆಳ್ಳಗಾಗುತ್ತದೆ, ಆಮೇಲೆ ನಡುವೆ, ಆಮೇಲೆ ಬೆರಳು ಒಂದಿಷ್ಟು ಮಡಿಸಿದರೆ ಸಾಕು, ಪುಡಿಯಾಗಿ ಉದುರುತ್ತದೆ. ಬುದ್ಧಿ ಬಂದಾಗಿನಿಂದ ದಿನಾ ಹಚ್ಚಿಕೊಳ್ಳುತ್ತಿದ್ದವನಿಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೆ ಹೀಗೆ ಕೂತು ನೋಡುವ ಚಟ ಅಂಟಿಕೊಂಡದ್ದು ಈ ನಾಲ್ಕು ತಿಂಗಳಲ್ಲಿ. ಪುಡಿ ಮಡಿಲಿನ ಮೇಲೆ ಉದುರಿತು. ಉಳಿದದ್ದನ್ನು ಹಣೆಗೆ ಒರೆಸಿಕೊಂಡು ಎದ್ದ. ಕೊಟ್ಟಿಗೆಯಂಥ ಆ ಅಡುಗೆಮನೆಯಿಂದ ಹೆಂಡತಿ ಗುರುಬಸಮ್ಮ ಇಣುಕಿದಳು. "ಎಷ್ಟೊತ್ತರಿ ನಿಮ್ಮ ಪೂಜಿ? ರೊಟ್ಟಿ ಆರಿ ಹಪ್ಪಳ ಆಗ್ಯಾವು. ಮತ್ತ ಹಣಿ ನೋಡಿದ್ರ ವಿಭೂತಿ ಹಚ್ಚಿದಂಗೂ ಇಲ್ಲ. ಕುರುಗೋಡಿಂದ ಅತ್ತಿ ಕಳಿಸಿದ ಗಟ್ಟಿ ಇನ್ನಾ ಅರ್ಧ ಐತಿ, ಯಾರಿಗಿಡತೀರಿ ಅದನ್ನ?" ಅವಳು ನಗೆಮಾತಿಗೆ ಅಂದದ್ದು. ಉಜ್ಜಿನಪ್ಪನಿಗೆ ಅದು ತನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದಂತೆ ಕೇಳಿಸಿತು. ಇವತ್ತು ಸೋಮವಾರ. ಇವತ್ತು ಇಂಜಿನಿಯರ್ ಬರುತ್ತಾನೆ, ಹೊಸ ಡಿಸ್ಕ್ ಡ್ರೈವ್ ಕೂರಿಸುತ್ತಾನೆ, ಪರೀಕ್ಷೆ ಮಾಡುತ್ತಾನೆ, ಹಳೆಯದು ಯಾಕೆ ಕೆಟ್ಟಿತೆಂದು ಒಂದು ಕಾಗದ ಬರೆಯುತ್ತಾನೆ. ಆ ಕಾಗದಕ್ಕೆ ಕಾಲುವೆ ರೈತರ ಒಕ್ಕೂಟದ ಪರವಾಗಿ ಉಜ್ಜಿನಪ್ಪ ಸಹಿ ಹಾಕಬೇಕು. ಸಹಿ ಬಿದ್ದರೆ ಕಸ ಹೊಡೆಯುವ ಜಡೆಮ್ಮನ ಹನ್ನೆರಡು ವರ್ಷದ ಕೆಲಸ ಶಾಶ್ವತವಾಗಿ ಕೈಬಿಟ್ಟು ಹೋಗುತ್ತದೆ. ಕೆಡಿಸಿದವಳು ಜಡೆಮ್ಮನಲ್ಲ. ಇದು ಗೊತ್ತಿದ್ದವನು ಭೂಮಿಯ ಮೇಲೆ ತಾನೊಬ್ಬನೇ ಎಂದು ಉಜ್ಜಿನಪ್ಪ ತಿಳಿದಿದ್ದ. ರೊಟ್ಟಿ ಮುರಿದು ಪುಂಡಿಪಲ್ಲೆಯಲ್ಲಿ ಅದ್ದಿದ. ಅರ್ಧಕ್ಕೇ ಬಿಟ್ಟು, ಮಜ್ಜಿಗೆ ಕುಡಿದು ಚಪ್ಪಲಿ ಮೆಟ್ಟಿದ.

ಕೌಲ್ ಬಜಾರಿನಿಂದ ಬ್ರೂಸ್‌ಪೇಟೆಗೆ ಅವನು ನಡೆದೇ ಹೋಗುವುದು. ಟಯರಿಗೆ ತೇಪೆ ಹಾಕುವವನ ಅಂಗಡಿ, ತಗಡು ಬಡಿಯುವವರ ಸಾಲು, ಬೀಡಿ ಎಲೆ ಒಣಹಾಕಿದ ಓಣಿ. ಫೆಬ್ರವರಿಗೇ ಬಿಸಿಲು ಮೈಗೆ ಹತ್ತುತ್ತಿತ್ತು. ತಗಡಿನವರ ಪೈಕಿ ಯಾರೋ "ಮಿಷನ್ ಸ್ವಾಮೇರು ಹೊಂಟ್ರು" ಅಂದದ್ದು ಕೇಳಿಸಿತು. ಎರಡು ವರ್ಷದ ಹಿಂದೆ ಒಕ್ಕೂಟದಿಂದ ಹೈದರಾಬಾದಿಗೆ ಕಳಿಸಿ ಆರು ವಾರ ಕಂಪ್ಯೂಟರ್ ಕಲಿಸಿ ತಂದಾಗ ಬಿದ್ದ ಹೆಸರು ಅದು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಒಳಗೊಳಗೇ ಹಿತವಾಗತೊಡಗಿತ್ತು. ಇಡೀ ಬ್ರೂಸ್‌ಪೇಟೆಯಲ್ಲಿ ಆ ಯಂತ್ರದ ಹೊಟ್ಟೆಯೊಳಗೆ ಏನಿದೆಯೆಂದು ಬಲ್ಲವನು ತಾನೊಬ್ಬ. ಹೈದರಾಬಾದಿನಲ್ಲಿ ಕಲಿಸುವ ಮಾಸ್ತರು ಕರಿಹಲಗೆಯ ಮೇಲೆ ಎರಡು ದುಂಡು ಬರೆದು, ಒಂದಕ್ಕೆ ಬರೆದದ್ದನ್ನೇ ಅದೇ ಕ್ಷಣ ಇನ್ನೊಂದಕ್ಕೂ ಬರೆಯುತ್ತದೆ, ಒಂದು ಸತ್ತರೆ ಇನ್ನೊಂದು ನಡೆಸುತ್ತದೆ ಎಂದಾಗ ಅವನಿಗೆ ಕಣ್ಣಲ್ಲಿ ನೀರು ಬಂದಿತ್ತು. ಯಾಕೆ ಅಂತ ಇವತ್ತಿಗೂ ಅವನಿಗೆ ತಿಳಿದಿಲ್ಲ. ಪಕ್ಕದಲ್ಲಿ ಕೂತ ಮದ್ರಾಸಿನ ಹುಡುಗ ಅದನ್ನು ನೋಡಿ ಮುಸಿಮುಸಿ ನಕ್ಕಿದ್ದು ಮಾತ್ರ ನೆನಪಿದೆ. ತಾನು ಬಲ್ಲವನೆಂಬ ಈ ಹಮ್ಮು ಇರದಿದ್ದರೆ ದಸರೆಯ ದಿನ ಆ ಮುಚ್ಚಳ ತೆಗೆಯುವ ಧೈರ್ಯ ಯಾರಿಗೆ ಬರುತ್ತಿತ್ತು? ಏನೂ ತಿಳಿಯದವನಾಗಿದ್ದರೆ ಎಲ್ಲರಂತೆ ಹೊರಗಿನಿಂದ ಕೈಮುಗಿದು ಬರುತ್ತಿದ್ದ.

ಆಯುಧಪೂಜೆಯ ದಿನ ಕಂಪ್ಯೂಟರ್ ಕೋಣೆಯಲ್ಲಿ ಚೆಂಡುಹೂವಿನ ಮಾಲೆ ಇತ್ತು, ಬಾಳೆಕಂದು ಇತ್ತು. ಊದಿನಕಡ್ಡಿ ಬೇಡ, ಯಂತ್ರಕ್ಕೆ ಹೊಗೆ ಆಗುವುದಿಲ್ಲ ಎಂದು ಸ್ವತಃ ಉಜ್ಜಿನಪ್ಪನೇ ತಡೆದಿದ್ದ. ಕಾಯಿ ಹೊರಗೆ ಒಡೆಯಿರಿ ಎಂದಿದ್ದ. ಎಲ್ಲರೂ ಅವನ ಮಾತು ಕೇಳಿ ಹೊರಗೆ ಹೋದರು. ಸೊಂಟದೆತ್ತರದ ಎರಡು ಪೆಟ್ಟಿಗೆಗಳ ಮುಂದೆ ಅವನೊಬ್ಬನೇ ಉಳಿದ. ತಾಯಿ ಕಳಿಸಿದ ವಿಭೂತಿಯನ್ನು ಪೆಟ್ಟಿಗೆಯ ಹೊರಮೈಗೆ ಹಚ್ಚಿದ. ಬಣ್ಣದ ತಗಡಿನ ಮೇಲೆ ಅದು ಹಿಡಿಯಲಿಲ್ಲ. ಅದೂ ಅಲ್ಲದೆ, ಬಾಗಿಲಿಗೆ ಹಚ್ಚಿ ದೇವರನ್ನು ಬಿಟ್ಟಂತೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಎಡಗಡೆಯ ಪೆಟ್ಟಿಗೆಯ ಮೇಲ್ಮುಚ್ಚಳ ಎತ್ತಿದ. ಒಳಗೆ ಒಂದರ ಮೇಲೊಂದು ಜೋಡಿಸಿದ ಡಿಸ್ಕಿನ ತಟ್ಟೆಗಳು ನಿಶ್ಶಬ್ದವಾಗಿ ಕೂತಿದ್ದವು. ಎಲ್ಲಕ್ಕಿಂತ ಮೇಲಿನದು ಬರಿಯ ಕಾವಲಿಗೆ ಇಟ್ಟ ತಟ್ಟೆ, ಅದರ ಮೇಲೆ ಬರಹ ಇರುವುದಿಲ್ಲ ಎಂದು ಹೈದರಾಬಾದಿನಲ್ಲಿ ಹೇಳಿಕೊಟ್ಟಿದ್ದರು. ಆ ತಿಳಿವಳಿಕೆಯ ಧೈರ್ಯದಿಂದಲೇ ಬರಹವಿಲ್ಲದ ಆ ತಟ್ಟೆಗೆ ಮೂರು ಬೆರಳು ಎಳೆದ. ಎಷ್ಟು ಚಂದ ಕಂಡಿತು ಅದು! ನಲವತ್ತೆರಡು ಹಳ್ಳಿಯ ನೀರಿನ ಸರದಿ ಆ ತಟ್ಟೆಗಳೊಳಗಿತ್ತು. ಸಿರುಗುಪ್ಪ ತಾಲೂಕಿನ ಯಾವ ರೈತನ ಹೊಲಕ್ಕೆ ಯಾವ ತೂಬಿನಿಂದ ಯಾವ ದಿನ ಎಷ್ಟು ತಾಸು ಕಾಲುವೆ ನೀರು, ಎಲ್ಲ. ಈ ಪಟ್ಟಿ ಅಚ್ಚಾಗಿ ಊರಿಗೆ ಹೋಗತೊಡಗಿದ ಮೇಲೆ ತೂಬಿನ ಬಳಿ ಕುಡುಗೋಲು ಎತ್ತುವುದು ನಿಂತಿತ್ತು. ಅಂಥದಕ್ಕೆ ಒಂದು ವಿಭೂತಿ ಬೇಡವೇ? ಬಲಗಡೆಯದಕ್ಕೂ ಹಚ್ಚಬೇಕೆಂದು ತಿರುಗುವಷ್ಟರಲ್ಲಿ ಕಾರ್ಯದರ್ಶಿ ತಿಪ್ಪೇರುದ್ರಪ್ಪನವರು ಹೊರಗಿನಿಂದ, "ಉಜ್ಜಿನಪ್ಪ, ಕಾಯಿ ಒಡೀತೀವಿ, ಬಾರಪ್ಪಾ" ಎಂದು ಕೂಗಿದರು. ಮುಚ್ಚಳ ಹಾಕಿ ಓಡಿದ. ಅವರು ಅರ್ಧ ನಿಮಿಷ ತಡವಾಗಿ ಕರೆದಿದ್ದರೆ ಎರಡೂ ಹೋಗುತ್ತಿದ್ದವು. ಒಣಗಿ ಉದುರಿದ ಬೂದಿ ಕೆಳಗಿನ ತಟ್ಟೆಗಳಿಗೆ ಇಳಿದು, ಮೂರನೆಯ ದಿನ ಎಡಗಡೆಯ ಪೆಟ್ಟಿಗೆಯಿಂದ ಬಾಣಲೆ ಕೆರೆದಂಥ ಸದ್ದು ಬಂತು.

ಒಕ್ಕೂಟದ ಕಟ್ಟಡದ ಕೆಳಗೆ ಹಗ್ಗ, ತಾಡಪತ್ರಿ ಮಾರುವ ಅಂಗಡಿ. ಪಕ್ಕದ ಕಿರಿದಾದ ಮೆಟ್ಟಿಲು ಮೇಲಿನ ಕಚೇರಿಗೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಜಡೆಮ್ಮ ಕೂತಿದ್ದಳು. ಕೂತಿರುತ್ತಾಳೆಂದು ಅವನಿಗೆ ಗೊತ್ತಿತ್ತು. ಕೆಲಸ ಬಿಡಿಸಿದಾಗಿನಿಂದ ಪ್ರತಿ ಸೋಮವಾರ ಬರುತ್ತಾಳೆ, ಅರ್ಧ ತಾಸು ಕೂರುತ್ತಾಳೆ, ಯಾರನ್ನೂ ಏನೂ ಕೇಳದೆ ಎದ್ದು ಹೋಗುತ್ತಾಳೆ. ಐವತ್ತು ದಾಟಿದ ಹೆಂಗಸು, ಗಂಡ ಸತ್ತು ಬಹಳ ವರ್ಷವಾಗಿದೆ. ಮೇಲೆ ಹೋಗುವವರಿಗೆ ದಾರಿ ಬಿಡಲೆಂದು ಗೋಡೆಗೆ ಒತ್ತಿ ಕೂರುವುದರಿಂದ ಸೀರೆಯ ಒಂದು ಪಕ್ಕಕ್ಕೆ ಸುಣ್ಣ ಹತ್ತಿರುತ್ತದೆ. ಅವಳಿಗೆ ತಗಲದಂತೆ ಅವನು ಮೈ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಮೈ ಹಿಡಿಯುವುದು ಅವಳ ಜಾತಿಗೋ ತನ್ನ ಪಾಪಕ್ಕೋ ಎಂದು ಒಂದು ದಿನ ತನ್ನನ್ನೇ ಕೇಳಿಕೊಂಡಿದ್ದ. "ಆರಾಮದೀರೇನ್ರಿ ಸಾಹೇಬ್ರ?" ಎಂದಳು. "ಹ್ಞೂಂ ಜಡೆಮ್ಮ, ಆರಾಮದೀನಿ. ನೀ?" "ಅದೀನ್ರಿ." ಪ್ರತಿ ವಾರ ಇಷ್ಟೇ ಮಾತು. ಇವತ್ತು ಅವಳು ಅವನ ಮುಖವನ್ನು ಒಂದಿಷ್ಟು ಹೆಚ್ಚು ಹೊತ್ತು ನೋಡಿದಳೆಂದು ಅನಿಸಿತು. ಯಂತ್ರ ಹೊಸದಾಗಿ ಬಂದಾಗ ಆ ಎರಡು ಪೆಟ್ಟಿಗೆಗೆ ಜೋಡೆತ್ತು ಎಂದು ಹೆಸರಿಟ್ಟವಳು ಅವಳು. ಹೈದರಾಬಾದಿನ ಮಾಸ್ತರು ಎರಡು ದುಂಡು ಬರೆದು ಒಂದು ತಾಸು ಹೇಳಿದ್ದನ್ನು ಅವನು ಒಂದು ಮಾತಿನಲ್ಲಿ ಹೇಳಿದಾಗ, "ಹಂಗಾರ ಒಂದೆತ್ತು ಮಲಗಿದ್ರ ಇನ್ನೊಂದು ಗಾಡಿ ಎಳಿತೈತಿ ಅನ್ರಿ" ಎಂದು ನಕ್ಕಿದ್ದಳು. ಅಷ್ಟು ಚೊಕ್ಕವಾಗಿ ಆಡಳಿತ ಮಂಡಳಿಯ ಒಬ್ಬನಿಗೂ ಅದು ಅರ್ಥವಾಗಿರಲಿಲ್ಲ.

ಇಂಜಿನಿಯರ್ ಆಗಲೇ ಬಂದು ಅಂಗಿಯ ತೋಳು ಮಡಚಿ ಕೂತಿದ್ದ. ಬೆಂಗಳೂರಿನವನು, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಕಳೆದ ಅಕ್ಟೋಬರಿನಲ್ಲಿ ಬಂದವನೂ ಇವನೇ. ಆಗ ಸತ್ತ ಪೆಟ್ಟಿಗೆಯನ್ನು ಬಿಚ್ಚಿ, ಉಜ್ಜಿಹೋದ ತಟ್ಟೆಗಳ ನಡುವಿನಿಂದ ಸಣ್ಣ ಬ್ರಷ್ಷಿನಲ್ಲಿ ಬೂದುಬಣ್ಣದ ಪುಡಿಯನ್ನು ಒಂದು ಬಿಳಿ ಹಾಳೆಯ ಮೇಲೆ ಉದುರಿಸಿ, "ಧೂಳು ಸಾರ್. ಒಳಗೆ ಕಸ ಗುಡಿಸ್ತಾರಾ?" ಎಂದು ಕೇಳಿದ್ದ. ತಿಪ್ಪೇರುದ್ರಪ್ಪನವರ ಮುಖ ಕೆಂಪಾಗಿತ್ತು. "ಕಸಬರಗಿ ತಗೊಂಡು ಈ ಕೋಣಿಗೆ ಬರಬ್ಯಾಡ ಅಂತ ಆಕಿಗೆ ನೂರು ಸಲ ಹೇಳೀವಿ" ಎಂದು ಉಜ್ಜಿನಪ್ಪನ ಕಡೆ ತಿರುಗಿ, "ಏನಪಾ, ಗುಡಿಸಿದಳೇನು ಆಕಿ ಹಬ್ಬದ ಮರುದಿನ?" ಎಂದು ಕೇಳಿದ್ದರು. ಉಜ್ಜಿನಪ್ಪ ಆ ಹಾಳೆಗೆ ಎಷ್ಟು ಹತ್ತಿರ ನಿಂತಿದ್ದನೆಂದರೆ ಅವನ ಉಸಿರಿಗೆ ಪುಡಿ ಅಲುಗುತ್ತಿತ್ತು. ವಾಸನೆ ಮೂಗಿಗೆ ಬಂತು. ಹಸುವಿನ ಸಗಣಿ ಸುಟ್ಟ, ಕುರುಗೋಡಿನ ತನ್ನ ಮನೆಯ ಜಗುಲಿಯ ವಾಸನೆ. "ನಾ ನೋಡಿಲ್ರಿ" ಎಂದ. ಅದು ಸುಳ್ಳಲ್ಲ. ಅವಳು ಗುಡಿಸಿದ್ದನ್ನು ಅವನು ನೋಡಿರಲಿಲ್ಲ, ಗುಡಿಸದೆ ಇದ್ದದ್ದನ್ನೂ ನೋಡಿರಲಿಲ್ಲ. ನಾಲ್ಕು ತಿಂಗಳಿಂದ ಆ ಎರಡು ಪದಗಳನ್ನು ತಿರುಗಿಸಿ ಮುರುಗಿಸಿ ನೋಡಿದ್ದಾನೆ. ಎಲ್ಲಿಯೂ ಒಂದು ಸುಳ್ಳು ಸಿಕ್ಕುವುದಿಲ್ಲ. ಸುಳ್ಳು ಹೇಳಿದ್ದರೆ ಒಂದು ದಿನ ಒಪ್ಪಿಕೊಳ್ಳಬಹುದಿತ್ತು. ನಿಜವನ್ನೇ ಹೇಳಿ ಒಬ್ಬಳ ಅನ್ನ ಕಿತ್ತುಕೊಂಡವನು ಏನನ್ನು ಒಪ್ಪಿಕೊಳ್ಳಬೇಕು?

"ಸಾರ್, ಎಲ್ಲಿ ಕಳೆದುಹೋದ್ರಿ? ಕೇಬಲ್ ಹಿಡೀರಿ," ಎಂದ ಇಂಜಿನಿಯರ್. ಇಬ್ಬರೂ ಸೇರಿ ಹೊಸ ಪೆಟ್ಟಿಗೆಯನ್ನು ಸತ್ತದ್ದರ ಜಾಗಕ್ಕೆ ನೂಕಿದರು. ನೆಲ ಸಮವಿದೆಯೇ ಎಂದು ನೋಡಿದರು, ಚಪ್ಪಟೆ ಕೇಬಲ್ಲುಗಳನ್ನು ಸಿಕ್ಕಿಸಿದರು, ಮುಂಭಾಗದಲ್ಲಿ ಒಂದು ಎಂಬ ನಂಬರಿನ ಬಿಲ್ಲೆ ಹಾಕಿದರು. ಬಲಗಡೆಯ ಹಳೆಯ ಪೆಟ್ಟಿಗೆ ಸೊನ್ನೆ, ಎಡಗಡೆಯ ಹೊಸದು ಒಂದು. ಗುಂಡಿ ಒತ್ತಿದಾಗ ತಟ್ಟೆಗಳು ತಿರುಗತೊಡಗಿ ಸದ್ದು ಮೆಲ್ಲಗೆ ಏರುತ್ತ ಹೋಗಿ ಒಂದು ಕಡೆ ನಿಂತಿತು. ನಾಲ್ಕು ತಿಂಗಳು ಒಂಟಿಯಾಗಿ ಕೂಗುತ್ತಿದ್ದ ಆ ಕೋಣೆಯಲ್ಲಿ ಈಗ ಎರಡು ದನಿ. ಇನ್ನು ಹಳೆಯದರಲ್ಲಿದ್ದ ಬರಹವನ್ನೆಲ್ಲ ಹೊಸದಕ್ಕೆ ಇಳಿಸಬೇಕು, ಆಮೇಲೆ ಎರಡನ್ನೂ ಜೋಡಿ ಎಂದು ಯಂತ್ರಕ್ಕೆ ತಿಳಿಸಬೇಕು. "ನೀವೇ ಮಾಡಿ ಸಾರ್, ನಾಳೆ ನಾನಿರಲ್ಲ," ಎಂದು ಇಂಜಿನಿಯರ್ ಕುರ್ಚಿ ಬಿಟ್ಟುಕೊಟ್ಟ. ಪರದೆಯ ಮೇಲೆ ಹಸಿರು ಅಕ್ಷರ ಬಂತು. ಮೂಲ ಯಾವುದು? ಪ್ರತಿ ಯಾವುದು? ಇಲ್ಲಿ ಸೊನ್ನೆಯ ಜಾಗದಲ್ಲಿ ಒಂದು ಒತ್ತಿದರೆ ಖಾಲಿಯೇ ತುಂಬಿದ್ದರ ಮೇಲೆ ಬರೆದುಬಿಡುತ್ತದೆ. ನಲವತ್ತೆರಡು ಹಳ್ಳಿ ಇಲ್ಲವಾಗುತ್ತವೆ. ಹಳೆಯ ರಿಜಿಸ್ಟರುಗಳನ್ನು ಮೂರು ಮಂದಿ ಒಂದು ವರ್ಷ ಕೂತು ಒಳಗೆ ಸೇರಿಸಿದ್ದರು, ಆ ರಿಜಿಸ್ಟರುಗಳು ಈಗ ಕೆಳಗಿನ ಗೋದಾಮಿನಲ್ಲಿ ಗೆದ್ದಲಿಗೆ ಊಟವಾಗಿದ್ದವು. ಉಜ್ಜಿನಪ್ಪನಿಗೆ ರಾರಾವಿ ನೆನಪಾಯಿತು. ಹೆಂಡತಿಯ ತವರೂರು. ಪಟ್ಟಿ ತಾಳೆ ನೋಡಲು ಹೋದಾಗ ಹೊಳೆಯ ದಂಡೆಯಲ್ಲಿ ಹುಲುಗಪ್ಪನೆಂಬ ಮುದುಕ ಅವನ ಅಂಗಿಯ ಚುಂಗು ಹಿಡಿದು, "ನನ್ನ ಹೆಸರು ಅದರಾಗ ಐತೇನಪಾ? ಅಳಿಸಿ ಹೋಗಂಗಿಲ್ಲಲಾ?" ಎಂದು ಕೇಳಿದ್ದ. ಎರಡು ಕಡೆ ಬರೆದೀವಿ ತಾತಾ, ಒಂದು ಹೋದ್ರೂ ಇನ್ನೊಂದು ಇರತೈತಿ ಎಂದು ಎಷ್ಟು ಹೆಮ್ಮೆಯಿಂದ ಹೇಳಿದ್ದ. ಮೂಲ ಸೊನ್ನೆ, ಪ್ರತಿ ಒಂದು. ಒತ್ತಿದ, ನಾಲ್ಕು ಸಲ ಓದಿದ, ಬೆರಳಿಟ್ಟು ಓದಿದ, ಕೊನೆಗೆ ಹೌದು ಎಂದು ಉತ್ತರ ಕೊಟ್ಟ. ಬೆನ್ನ ಮೇಲಿನ ಬೆವರು ಏಸಿಯ ಗಾಳಿಗೆ ತಣ್ಣಗಾಯಿತು.

ನಕಲು ಇಳಿಯಲು ಒಂದು ತಾಸಿನ ಮೇಲೆ ಹಿಡಿಯಿತು. ಆ ಹೊತ್ತಿನಲ್ಲಿ ಇಂಜಿನಿಯರ್ ಇಡ್ಲಿ ತರಿಸಿ ತಿಂದ, ತಿಪ್ಪೇರುದ್ರಪ್ಪನವರು ಸಿರುಗುಪ್ಪದ ತಮ್ಮ ಅಕ್ಕಿ ಗಿರಣಿಯ ವಿಷಯ ಹೇಳಿದರು. ಉಜ್ಜಿನಪ್ಪ ಕಿಟಕಿಯ ಬಳಿ ನಿಂತ. ಕೆಳಗೆ ಜಡೆಮ್ಮನ ಕಾಲು ಮಾತ್ರ ಕಾಣುತ್ತಿತ್ತು. ಅರ್ಧ ತಾಸು ಕಳೆದು ಬಹಳ ಹೊತ್ತಾಗಿತ್ತು, ಇವತ್ತು ಅವಳು ಎದ್ದಿರಲಿಲ್ಲ. ಹೊಸ ಪೆಟ್ಟಿಗೆಯನ್ನು ಹಮಾಲರು ಹೊತ್ತು ತಂದದ್ದನ್ನು ನೋಡಿರಬೇಕು. ಹೇಳಿಬಿಡಬೇಕು ಎಂದುಕೊಂಡ. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ಪರೀಕ್ಷೆ ಕೆಡುತ್ತದೆ. ತಾನು ಹೀಗೆ ನಾಲ್ಕು ತಿಂಗಳಿಂದ ಪ್ರತಿ ಸಲವೂ ಒಂದು ಪರೀಕ್ಷೆಯನ್ನು ಮುಂದೆ ಇಟ್ಟುಕೊಳ್ಳುತ್ತ ಬಂದದ್ದೂ ಅವನಿಗೆ ತಿಳಿಯುತ್ತಿತ್ತು. ದೀಪಾವಳಿ ಆಗಲಿ, ಮಂಡಳಿಯ ಸಭೆ ಆಗಲಿ, ಸಂಕ್ರಾಂತಿ ಆಗಲಿ. ನಾಚಿಕೆ ಅನ್ನುವುದು ಹೊಟ್ಟೆಯಲ್ಲಿ ಹುಟ್ಟುತ್ತದೆಂದು ಅವನು ತಿಳಿದಿದ್ದ, ಅದು ಕಿವಿಯಲ್ಲಿ ಹುಟ್ಟುತ್ತಿತ್ತು, ಎರಡೂ ಕಿವಿ ಬಿಸಿಯಾಗಿದ್ದವು.

ಪರೀಕ್ಷೆ ಹೀಗೆ. ಪಕ್ಕದ ಹಜಾರದಲ್ಲಿ ಮೂವರು ಟೈಪಿಸ್ಟರು ಎಂದಿನಂತೆ ಪಟ್ಟಿ ತಿದ್ದುತ್ತಿರಬೇಕು, ಪ್ರಿಂಟರಿನಲ್ಲಿ ರಾರಾವಿಯ ಸರದಿ ಅಚ್ಚಾಗುತ್ತಿರಬೇಕು. ಅವರಿಗೆ ಹೇಳದೆ ಕೇಳದೆ ಒಂದು ಪೆಟ್ಟಿಗೆಯನ್ನು ನಿಲ್ಲಿಸಬೇಕು. ಕೆಲಸ ನಿಲ್ಲಬಾರದು. ಆಮೇಲೆ ಅದನ್ನು ಎಬ್ಬಿಸಿ, ಬಿಟ್ಟುಹೋದದ್ದನ್ನು ತುಂಬಿಸಿ, ಇನ್ನೊಂದನ್ನು ನಿಲ್ಲಿಸಬೇಕು. ಇಂಜಿನಿಯರ್ ಕಣ್ಣುಸನ್ನೆ ಮಾಡಿದ. ಉಜ್ಜಿನಪ್ಪ ಸೊನ್ನೆಯ ಗುಂಡಿ ಒತ್ತಿದ. ಬಲಗಡೆಯ ಸದ್ದು ಇಳಿಯುತ್ತ ಇಳಿಯುತ್ತ ಇಲ್ಲವಾಯಿತು. ಕೋಣೆಯೊಳಗಿನ ಮೂವರೂ ಹಜಾರದ ಕಡೆ ನೋಡಿದರು. ಟೈಪಿಸ್ಟರ ಪೈಕಿ ಒಬ್ಬಳು ಮೂಗು ಒರೆಸಿಕೊಂಡು ಮುಂದಿನ ಸಾಲಿಗೆ ಹೋದಳು. ಪ್ರಿಂಟರು ಕರಕರ ಎನ್ನುತ್ತಲೇ ಇತ್ತು. ಒಬ್ಬರೂ ತಲೆ ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಅದನ್ನು ಎಬ್ಬಿಸಿದರು, ಎರಡೂ ಸಮವಾಗಲೆಂದು ಕಾದರು, ಈ ಸಲ ಎಡಗಡೆಯದನ್ನು ನಿಲ್ಲಿಸಿದರು. ಮತ್ತೆ ಅದೇ. ಇಂಜಿನಿಯರ್ ಖುಷಿಯಿಂದ ತೊಡೆ ತಟ್ಟಿಕೊಂಡ. "ನೋಡಿದ್ರಾ ಸಾರ್? ಒಂದನ್ನ ತೆಗೆದುಬಿಟ್ರೂ ಯಾರಿಗೂ ಗೊತ್ತೇ ಆಗಲ್ಲ. ಅದೇ ಇದರ ಹೆಚ್ಚುಗಾರಿಕೆ." ತಿಪ್ಪೇರುದ್ರಪ್ಪನವರು, "ಭಾರಿ ಐತಲ್ಲೋ ಮಾರಾಯಾ" ಎಂದು ಉಜ್ಜಿನಪ್ಪನ ಬೆನ್ನು ಚಪ್ಪರಿಸಿದರು. ಉಜ್ಜಿನಪ್ಪ ಹಜಾರವನ್ನೇ ನೋಡುತ್ತಿದ್ದ. ಜಡೆಮ್ಮ ಹೋದ ಮರುದಿನವೂ ಆ ಹಜಾರ ಹೀಗೇ ಇತ್ತು. ಅವಳ ಜಾಗಕ್ಕೆ ಬಂದವಳ ಹೆಸರೇನೆಂದು ಈ ಹೊತ್ತಿಗೂ ಟೈಪಿಸ್ಟರಿಗೆ ಗೊತ್ತಿಲ್ಲ, ತನಗೂ ಗೊತ್ತಿಲ್ಲ.

ಇಂಜಿನಿಯರ್ ಫಾರಂ ಬರೆದು ಮೇಜಿನ ಮೇಲೆ ಇಟ್ಟ. ಪರೀಕ್ಷೆ ಯಶಸ್ವಿ. ಹಿಂದಿನ ಡ್ರೈವ್ ಕೆಟ್ಟ ಕಾರಣ: ಕಸ ಗುಡಿಸುವವಳ ನಿರ್ಲಕ್ಷ್ಯದಿಂದ ಒಳಸೇರಿದ ಧೂಳು. ತಿಪ್ಪೇರುದ್ರಪ್ಪನವರು ತಮ್ಮ ಪೆನ್ನಿನ ಟೊಪ್ಪಿಗೆ ತೆಗೆದು ಉಜ್ಜಿನಪ್ಪನ ಕೈಗೆ ಕೊಟ್ಟರು. "ಹಾಕಪಾ ಸಹಿ. ನಾಡದು ಮಂಡಳಿ ಮುಂದ ಇಡತೀನಿ, ಆಕೀದೊಂದು ಮುಗಿದು ಹೋಗ್ಲಿ." ಪೆನ್ನು ಹಿಡಿದವನು ಹಿಡಿದಂತೆಯೇ ನಿಂತ. ಮಾತು ತಾನಾಗಿ ಬಂತು, ತನ್ನದಲ್ಲದ ದನಿಯಲ್ಲಿ. "ಅದು ಧೂಳಲ್ರಿ. ವಿಭೂತಿರಿ. ದಸರಿ ದಿನ ನಾನಽ ಮುಚ್ಚಳ ತಗದು ಮ್ಯಾಲಿನ ತಟ್ಟಿಗೆ ಹಚ್ಚಿದ್ದೆ. ಜಡೆಮ್ಮಂದು ಏನೂ ತಪ್ಪಿಲ್ರಿ." ಹೇಳಿದ ಮೇಲೆ ಆಕಾಶ ಬೀಳುತ್ತದೆ ಎಂದುಕೊಂಡಿದ್ದ. ಬೀಳಲಿಲ್ಲ. ಮೊದಲು ಮಾತಾಡಿದವನು ಇಂಜಿನಿಯರ್. "ಮುಚ್ಚಳ ತೆಗೆದಿದ್ರಾ?" ಎಂದವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸಾರ್, ಅದನ್ನ ನಾನು ಕೇಳಿಸ್ಕೊಂಡಿಲ್ಲ. ಹೊರಗಿನ ಧೂಳು ಅಂದ್ರೆ ಕಂಪನಿ ಹೊಸದು ಕೊಡುತ್ತೆ. ನೀವೇ ಬಿಚ್ಚಿ ಏನೋ ಹಾಕಿದ್ರಿ ಅಂತ ಬರೆದ್ರೆ ಈ ಡ್ರೈವನ್ನ ಇವತ್ತೇ ನಾನು ವಾಪಸ್ ಹೊತ್ಕೊಂಡು ಹೋಗ್ಬೇಕು. ಮತ್ತೆ ಒಂದೇ ಪೆಟ್ಟಿಗೆ. ಅದೂ ಹೋದ್ರೆ ನಿಮ್ಮ ಹಳ್ಳಿಗಳ ಪಟ್ಟಿಗೆ ದೇವರೇ ಗತಿ."

ತಿಪ್ಪೇರುದ್ರಪ್ಪನವರು ಎದ್ದು ಬಾಗಿಲು ಮುಚ್ಚಿ ಬಂದರು. ಅವರ ಹಣೆಯ ಮೇಲಿನ ಮೂರು ಗೆರೆ ಬೆಳಗಿನಷ್ಟೇ ಬೆಳ್ಳಗಿದ್ದವು. "ಲೇ ಉಜ್ಜಿನಪ್ಪ, ತಲಿ ಕೆಟ್ಟೈತೇನು ನಿನಗ? ವಿಭೂತಿ ಹಚ್ಚಿದ್ದಕ್ಕ ಮಿಷನ್ ಕೆಡತು ಅಂತ ಕಾಗದದಾಗ ಬರೀಬೇಕೇನು ನಾವು? ಮಂಡಳ್ಯಾಗ ಕುಂತವರೆಲ್ಲ ಯಾರದಾರ? ನಾಳೆ ಊರಾಗ ಮುಖ ಎತ್ತಿ ತಿರಗಾಕ ಬರತೈತೇನು ನನಗಾಗ್ಲಿ ನಿನಗಾಗ್ಲಿ?" ದನಿ ಮೆತ್ತಗೆ ಮಾಡಿದರು. "ನಿನ್ನ ಮನಸು ದೊಡ್ಡದೈತಿ, ಆಕೀನ ಉಳಸಾಕ ಮೈಮ್ಯಾಲೆ ಹಾಕ್ಕೊಳ್ಳಾಕತ್ತಿ. ತಿಳೀತು ನನಗ. ಆಕಿಗೆ ಬೇರೆ ಎಲ್ಲಾರ ನೋಡೂಣು. ಸಹಿ ಹಾಕು." ತನ್ನ ತಪ್ಪೊಪ್ಪಿಗೆಯನ್ನು ಅವರು ಔದಾರ್ಯ ಮಾಡಿ ತನ್ನ ಕೈಗೇ ತಿರುಗಿ ಕೊಟ್ಟರು. ಉಜ್ಜಿನಪ್ಪನಿಗೆ ಒಂದು ಕ್ಷಣ ಅದು ನಿಜವೆಂದೇ ಅನಿಸಿತು. ತಾನು ದೊಡ್ಡ ಮನಸ್ಸಿನವನು, ಒಬ್ಬ ಬಡವಿಯನ್ನು ಉಳಿಸಲು ಹೊರಟವನು. ಆಮೇಲೆ ನೆನಪಿನಲ್ಲಿ ಹುಲುಗಪ್ಪ ಮತ್ತೆ ಅಂಗಿಯ ಚುಂಗು ಜಗ್ಗಿದ. ಪೆಟ್ಟಿಗೆ ಹೋದರೆ ನಲವತ್ತೆರಡು ಹಳ್ಳಿಗೆ ನಷ್ಟ, ಉಳಿದರೆ ಒಬ್ಬ ಹೆಂಗಸಿಗೆ. ಲೆಕ್ಕ ಎಷ್ಟು ಸಲೀಸಾಗಿ ತನ್ನ ಕಡೆ ವಾಲಿತೆಂದು ಅವನಿಗೇ ಆಶ್ಚರ್ಯವಾಯಿತು. ಸಹಿ ಹಾಕಿದ. ಇಸವಿ ಎಂಬತ್ತೇಳು ಎಂದು ಬರೆಯುವ ಬದಲು ಎಂಬತ್ತಾರು ಎಂದು ಬರೆದು, ಹೊಡೆದುಹಾಕಿ ತಿದ್ದಿದ.

ತರಿಸಿಟ್ಟಿದ್ದ ಪೇಡೆ ತರುತ್ತೇನೆಂದು ಕಾರ್ಯದರ್ಶಿಗಳು ತಮ್ಮ ಕೋಣೆಗೆ ಹೋದಾಗ ಅವನು ಮೆಟ್ಟಿಲಿಳಿದು ಬಂದ. ಜಡೆಮ್ಮ ಇನ್ನೂ ಕೂತಿದ್ದಳು. ಅವಳಿಗಿಂತ ಎರಡು ಮೆಟ್ಟಿಲು ಮೇಲೆ ಅವನೂ ಕೂತ. ಅವಳು ಗಾಬರಿಯಿಂದ ಏಳಲು ಹೋದಳು. "ಕುಂದ್ರು ಜಡೆಮ್ಮ. ನಿನಗೊಂದು ಹೇಳಬೇಕು. ಆ ಮಿಷನ್ ಕೆಡಿಸಿದಾಕಿ ನೀ ಅಲ್ಲ. ನಾನು. ಹಬ್ಬದ ದಿನ ಅದರ ಒಳಗ ವಿಭೂತಿ ಹಚ್ಚಿದ್ದೆ." ಇಷ್ಟು ಹೇಳಿ ಅವಳ ಮುಖ ನೋಡಿದ. ಅವಳು ಅಳುತ್ತಾಳೆ, ಇಲ್ಲವೆ ಬಯ್ಯುತ್ತಾಳೆ ಎಂದು ಕಾದ. ಬಯ್ದರೆ ಎಷ್ಟು ಚೆನ್ನಾಗಿತ್ತು.

"ಗೊತ್ತೈತ್ರಿ," ಎಂದಳು ಜಡೆಮ್ಮ. "ಮರುದಿನ ಮುಂಜಾನಿ ನಾನಽ ಅಲ್ಲೇನ್ರಿ ಬಂದಾಕಿ? ಆ ಪೆಟಗಿ ಬಾಯಿಗೆ ನಿಮ್ಮ ಮೂರು ಬೆರಳಿನ ಗುರುತಿತ್ತು. ನೆಲಕ್ಕೂ ಒಂದೀಟು ಉದುರಿತ್ತು. ವಿಭೂತಿನ ಯಾರರ ತುಳದಾರು ಅಂತ ನಾ ಒದ್ದಿ ಅರಬಿಲೆ ಒರಿಸಿದೆ. ಕಸಬರಗಿ ಒಳಗ ಒಯ್ದಾಕಿನಽ ಅಲ್ಲ ನಾನು."

"ಮತ್ತ ಯಾಕ ಹೇಳ್ಲಿಲ್ಲ ನೀ?" ಅವನ ದನಿ ಕೀರಲಾಗಿ ಬಂತು.

"ನಾ ಹೇಳಿದ್ರ ಯಾರು ಕೇಳತಿದ್ರಿ? ದೇವರ ಬೂದಿಗೆ ಹೆಸರಿಡತಾಳ ಅಂತ ಮ್ಯಾಲೊಂದು ಬರತಿತ್ತು." ಅವಳು ಸೀರೆಯ ಸುಣ್ಣ ಕೊಡವಿಕೊಂಡಳು. "ನಾ ಕೆಲಸ ಕೇಳಾಕ ಬರತಿದ್ದಿಲ್ರಿ ಇಲ್ಲಿಗೆ. ಕೌಲ್ ಬಜಾರದಾಗ ಎರಡು ಮನಿ ಕೆಲಸ ಹಿಡದೀನಿ. ಇವತ್ತರ ಹೇಳ್ತಾರ ನೋಡಾನ, ಇವತ್ತರ ಹೇಳ್ತಾರ ನೋಡಾನ ಅಂತ ಬಂದು ಕುಂದರತಿದ್ದೆ."

"ಈಗ ಹೇಳಿದೆನಲ್ಲ ಜಡೆಮ್ಮ."

"ನನಗ ಹೇಳಿದ್ರಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನನಗ ಗೊತ್ತಿದ್ದದ್ದನ್ನ ನನಗಽ ಹೇಳಿದ್ರಿ. ಕಾಗದಕ್ಕೇನು ಬರದ್ರಿ?"

ಉಜ್ಜಿನಪ್ಪ ಮುಖ ತಿರುಗಿಸಿದ. ಹಗ್ಗದಂಗಡಿಯವನು ಗಿರಾಕಿಗೆ ಮೊಳ ಅಳೆದು ಹಾಕುತ್ತಿದ್ದುದನ್ನು ನೋಡುತ್ತ ಕೂತ. ಜಡೆಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದು, ಮೆಟ್ಟಿಲ ಪಕ್ಕದಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿ, "ಬರತೀನ್ರಿ" ಎಂದು ಹೇಳಿ ಬ್ರೂಸ್‌ಪೇಟೆಯ ಗದ್ದಲದೊಳಗೆ ನಡೆದಳು. ಅವಳು ಮುಂದಿನ ಸೋಮವಾರ ಬರುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಈಗಲೇ ಮೇಲೆ ಓಡಿ ಆ ಕಾಗದ ಹರಿದುಹಾಕಬಹುದು ಎಂದುಕೊಂಡ. ಇಂಜಿನಿಯರ್ ಇನ್ನೂ ಅಲ್ಲೇ ಇದ್ದಾನೆ, ಕಾಗದವೂ ಮೇಜಿನ ಮೇಲೇ ಇದೆ, ಹದಿನೆಂಟು ಮೆಟ್ಟಿಲು. ಎದ್ದ. ನಿಜವಾಗಿಯೂ ಓಡಿದ.

ಬಾಗಿಲಲ್ಲಿ ತಿಪ್ಪೇರುದ್ರಪ್ಪನವರು ಪೇಡೆಯ ಪೊಟ್ಟಣ ಬಿಚ್ಚುತ್ತ ನಿಂತಿದ್ದರು. ಅವನ ಮುಖ ನೋಡಿ ಕೈ ತಡೆದರು. "ಕೆಳಗ ಯಾರ ಕೂಡ ಮಾತಾಡಾಕತ್ತಿದ್ದಿ?"

"ಯಾರೂ ಇಲ್ರಿ," ಎಂದ ಉಜ್ಜಿನಪ್ಪ.